ಇಂಟರ್ನೆಟ್ಟಿನ ಪದ್ಯಕ್ಕೆ ಅವ್ವನ ಅರ್ಥ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಹಲಸೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುವಾಗ ಕನ್ನಡ ಮೇಷ್ಟ್ರಿಗೆ ಎಲ್ಲರೆದುರೇ ಅಂದುಬಿಟ್ಟೆ: "ಸಾರ್, ಈ ಪದ್ಯಕ್ಕೆ ನಿಮ್ಮ ನೋಟ್ಸ್ ತುಂಬಾ ಹಳೇದು. ಇಂಟರ್ನೆಟ್ಟಲ್ಲಿ ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ."

ಮೇಷ್ಟ್ರು ಸಿಟ್ಟಾಗಲಿಲ್ಲ. "ಹೌದಾ? ಹಂಗಾದ್ರೆ ಶುಕ್ರವಾರ ಆ ಪದ್ಯದ ಪಾಠ ನೀನೇ ಮಾಡಮ್ಮ," ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಇನ್ನು ನನ್ನ ಮಾನ ಉಳಿಯಬೇಕಾದರೆ ಏನಾದರೂ ಹುಡುಕಲೇಬೇಕಿತ್ತು.

ಪದ್ಯ ಸಣ್ಣದು. ಶ್ರಾವಣದಲ್ಲಿ ಒಬ್ಬ ಹೆಂಗಸು ಕೆರೆ ಏರಿಯ ಮೇಲೆ ನಿಂತು ಯಾರದೋ ದಾರಿ ಕಾಯುತ್ತಾಳೆ, ಅಷ್ಟೆ. ಕಮ್ಮನಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು ತಡಕಾಡಿದೆ. ಕೆಲವು ಪುಟಗಳಲ್ಲಿ ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಕಲಸುಮೇಲೋಗರ. ಕೊನೆಗೆ ವಿದ್ಯಾರ್ಥಿಗಳಿಗೆಂದೇ ಯಾರೋ ಮಾಡಿದ್ದ ಪುಟ ಸಿಕ್ಕಿತು: ಪದ್ಯ, ಕಠಿಣ ಪದಗಳ ಅರ್ಥ, ಭಾವಾರ್ಥ. ಅಬ್ಬಾ! ಇಷ್ಟೆಲ್ಲ ಕೂತು ಬರೆದವರು ಯಾರಿರಬಹುದು ಎಂದು ಮೇಲೆ ಕೆಳಗೆ ಹುಡುಕಿದೆ. ಹೆಸರಿರಲಿಲ್ಲ. ಪ್ರಿಂಟ್ ತೆಗೆಸಿಕೊಂಡು ಬಂದೆ.

ಬಾಣಸವಾಡಿಯ ಮನೆಯಲ್ಲಿ ಗಟ್ಟಿಯಾಗಿ ಬಾಯಿಪಾಠ ಶುರುವಾಯಿತು. "ಆಕೆ ಪ್ರಿಯಕರನಿಗಾಗಿ ಹಂಬಲಿಸುತ್ತಿದ್ದಾಳೆ..." ಅವ್ವ ಗದಗಿನ ಕಡೆಯವಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

"ಯಾವ ಪ್ರಿಯಕರ? ಶ್ರಾವಣದಾಗ ಹೆಣ್ಮಗಳು ಅಣ್ಣನ ದಾರಿ ನೋಡ್ತಾಳ. ಪಂಚಮಿಗೆ ತವರಿಗೆ ಕರಿಯಾಕ ಬರ್ತಾನಂತ. ನಿನ್ನ ಕಂಪ್ಯೂಟರಿಗೆ ತವರುಮನಿ ಇಲ್ಲೇನು?"

"ಸುಮ್ನಿರವ್ವಾ, ಇದು ಇಂಟರ್ನೆಟ್ಟಿನಾಗ ಐತಿ," ಅಂದೆ.

ಶುಕ್ರವಾರ ಕ್ಲಾಸಿನಲ್ಲಿ ಜಂಬದಿಂದಲೇ ಓದತೊಡಗಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಮೇಷ್ಟ್ರು ಕೈಯೆತ್ತಿ, ಮುಂದಿನ ವಾಕ್ಯವನ್ನು ತಾವೇ ಹೇಳಿದರು. ಅದರ ಮುಂದಿನದನ್ನೂ ಹೇಳಿದರು.

"ಇದು ನಾನೇ ಬರೆಸಿದ ನೋಟ್ಸಮ್ಮ. ಯಾರೋ ಹಳೇ ಸ್ಟೂಡೆಂಟ್ ಅಲ್ಲಿ ಹಾಕಿದ್ದಾರೆ. ಸರಿ, ಇದು ನಂದಾಯ್ತು. ನಿಂದೇನು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಳೇದು ಅಂದಿದ್ದ ಆ ನೋಟ್ಸನ್ನು ನಾನು ಒಂದು ಸಲವೂ ಓದಿ ನೋಡಿರಲಿಲ್ಲ. ನನ್ನದು ಅಂತ ಏನೂ ಇರಲಿಲ್ಲ. ತಲೆ ತಗ್ಗಿಸಿ ಅವ್ವ ಹೇಳಿದ್ದನ್ನೇ ಹೇಳಿದೆ.

ಮೇಷ್ಟ್ರು ಪುಸ್ತಕ ತೆರೆದು ಪದ್ಯವನ್ನು ಮೊದಲಿಂದ ಓದಿಕೊಂಡರು. "ಅಯ್ಯೋ, ಇಷ್ಟು ವರ್ಷ ತಪ್ಪೇ ಹೇಳ್ಕೊಂಡು ಬಂದ್ನಲ್ಲ," ಅಂದರು. ಸಂಜೆ ನಮ್ಮ ನಾಲ್ಕೈದು ಜನರ ಜೊತೆ ಸೈಬರ್ ಕೆಫೆಗೂ ಬಂದರು. ತಮ್ಮದೇ ಮಾತನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ಓದಿ, ಅದರ ಕೆಳಗೆ ಅಭಿಪ್ರಾಯದ ಜಾಗದಲ್ಲಿ ತಿದ್ದುಪಡಿ ಬರೆಸಿದರು. ನಾನು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪ್ ಮಾಡಿದೆ. ಕಂಪ್ಯೂಟರ್ ಬರೆದವರ ಹೆಸರು ಕೇಳಿತು. "ನಿಮ್ಮ ತಾಯಿ ಹೆಸರು ಹಾಕಮ್ಮ," ಅಂದರು ಮೇಷ್ಟ್ರು.

ಓಡೋಡಿ ಬಂದು ಅವ್ವನಿಗೆ ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. "ನನ್ನ ಹೆಸರಾ? ಅದನ್ನ ಯಾರು ನೋಡ್ತಾರ?"

"ಲೋಕಾನೇ ನೋಡ್ತದವ್ವಾ!"

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ನಾವು ಬಾಣಸವಾಡಿಗೆ ಬಂದ ಮೇಲೆ ಸೋದರಮಾವ ಒಂದು ಪಂಚಮಿಗೂ ಅವಳನ್ನು ಕರೆಯಲು ಬಂದಿರಲಿಲ್ಲ. ಅದು ನನಗೆ ನೆನಪಾದದ್ದು ಅವಳು ಮತ್ತೆ ಮಾತಾಡಿದಾಗಲೇ.

"ಹಂಗಾರ, ನಮ್ಮಣ್ಣನೂ ನೋಡ್ತಾನೇನು?"