ಗೊಂಬೆಗೊಂದು ಒಡಪು

ಕೈಗವಸಿನ ಹೊಸ ಡಬ್ಬ ಒಡೆದರೆ ಒಂದು ವಾಸನೆ ಬರುತ್ತದೆ, ಗೊತ್ತಲ್ಲ? ರಬ್ಬರು, ಪೌಡರು, ಮೇಲೆ ಒಂದಿಷ್ಟು ಹೆದರಿಕೆ. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹಾಗೇ ಇರಿ. ಜಹೀರಾಬಾದಿನ ಈ ದವಾಖಾನೆಯಲ್ಲಿ ನರ್ಸಮ್ಮನ ಕೈಕೆಳಗೆ ಸಹಾಯಕಿಯಾಗಿರುವ ನಾನು ಆ ಡಬ್ಬವನ್ನು ದಿನಾ ಒಡೆಯುತ್ತೇನೆ. ಇವತ್ತು ಬೆಳಿಗ್ಗೆಯೂ ಒಡೆದೆ. ಆದರೆ ಇವತ್ತು ಮಂಚದ ಮೇಲೆ ಮಲಗಿದ್ದವರು ನಮ್ಮ ಅತ್ತೆ. ಮೊನ್ನೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ, ಬಾಯಿ ಓರೆಯಾಗಿದೆ, ಆಗಿನಿಂದ ಒಂದು ಮಾತಿಲ್ಲ. ಸುಮ್ಮನಿರುವುದು ಹೇಗೆಂದೇ ಗೊತ್ತಿಲ್ಲದ ಬಾಯಿ ಅದು. "ಕೈ ಹಗೂರಕ ಬರ್ತದಮ್ಮಾ. ತಲಿ ನೆಟ್ಟಗ ಅದನೋ ಇಲ್ಲೋ, ಅದು ನೋಡಬೇಕು. ಮಾತಾಡಸ್ಕೋತ ಇರು" ಎಂದು ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋಗಿದ್ದರು.

ಮಾತಾಡಿಸುವುದೇನೋ ಸರಿ. ಮಾತಾಡಿಸಿದಾಗ ಅವರಿಗೆ ನನ್ನ ಗುರುತೇ ಸಿಗದಿದ್ದರೆ? ಆ ಭಯಕ್ಕೆ ಕೈಗವಸು ಏರಿಸಿಕೊಳ್ಳುವುದನ್ನೇ ಒಂದು ದೊಡ್ಡ ಉದ್ಯೋಗ ಮಾಡಿಕೊಂಡು ನಿಂತೆ. ನಿಂತಲ್ಲೇ ಆ ವಾಸನೆ ನನ್ನನ್ನು ತರಬೇತಿಯ ದಿನಗಳಿಗೆ ಎಳೆದುಕೊಂಡು ಹೋಯಿತು.

ಕಾಲೇಜಿನಲ್ಲಿ ಸಹಾಯಕಿಯರ ತರಬೇತಿ ಶುರುವಾಗಿದೆ, ಸೇರುತ್ತೇನೆ ಅಂದ ದಿನ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. "ಮಂದೀ ಕುಂಡಿ ತೊಳ್ಯಾಕ ಸರ್ಟಿಫಿಕೇಟ್ ಬೇಕೇನ? ನಾ ಮೂರು ಮಕ್ಕಳಿಗಿ ತೊಳದೀನಿ, ಯಾ ಸರ್ಕಾರ ನನಗ ಕಾಗದ ಕೊಟ್ಟದ?" ಎಂದರು. ಕಡೆಗೆ ಮಗನ ಮುಖ ನೋಡಿ ಒಪ್ಪಿದರು. "ಒಮ್ಮಿ ಹೋಗು. ನಪಾಸಾದಿ ಅಂದ್ರ ಸುಮ್ಮ ಕಬ್ಬಿನ ಹೊಲಕ್ಕ ಬಾ." ಕಬ್ಬಿನ ಗರಿ ಕೈಯನ್ನು ಹೇಗೆ ಕೊಯ್ಯುತ್ತದೆಂದು ಬಲ್ಲವರಿಗೆ ನಾನು ಎಷ್ಟು ಭಕ್ತಿಯಿಂದ ಓದಿದೆನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರು ಮೊಗುಡಂಪಲ್ಲಿಯಿಂದ ಕಾಲೇಜಿಗೆ ದಿನಾ ಷೇರ್ ಆಟೋ. ಅದರಲ್ಲಿ ಜನರನ್ನು ತುಂಬುವ ರೀತಿಗೆ, ಮನುಷ್ಯನನ್ನು ಹೇಗೆ ಹೊರಳಿಸಬೇಕು, ಹೇಗೆ ಮಡಚಬೇಕು ಎಂಬ ಪಾಠ ಕಾಲೇಜು ಮುಟ್ಟುವ ಮೊದಲೇ ಮುಗಿದಿರುತ್ತಿತ್ತು. ಅಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ತೆಲುಗಿನಲ್ಲಿ, ಸಂಶಯ ಉರ್ದುವಿನಲ್ಲಿ, ಅಳು ಮಾತ್ರ ಅವರವರ ಮನೆಮಾತಿನಲ್ಲಿ. ಹಾಸಿಗೆಯ ಮೂಲೆ ಮಡಚುವುದನ್ನೇ ಮೇಡಂ ದಿನಗಟ್ಟಲೆ ಕಲಿಸಿದರು. ನಮ್ಮ ಮನೆಯಲ್ಲಿದ್ದದ್ದು ಕೌದಿ. ಅದರ ಮೂಲೆಯನ್ನು ಯಾರು ಎಳೆದುಕೊಳ್ಳುತ್ತಾರೋ ಅವರದೇ ಹಾಸಿಗೆ.

ರೋಗಿ ಎಂದರೆ ಒಂದು ಪ್ಲಾಸ್ಟಿಕ್ ಗೊಂಬೆ. ಮೂಗು ಸವೆದಿತ್ತು, ಒಂದು ಕಾಲು ಆಗಾಗ ಕಳಚಿ ಕೈಗೆ ಬರುತ್ತಿತ್ತು. ಆದರೂ ಬಹಳ ಸಜ್ಜನ ರೋಗಿ. ಉಗುಳುವುದಿಲ್ಲ, ಬಯ್ಯುವುದಿಲ್ಲ, ಅದನ್ನು ನೋಡಲು ಊರಿಂದ ಒಂದು ಟ್ರ್ಯಾಕ್ಟರ್ ಜನ ಬಂದು ಮಂಚದ ಮೇಲೆ ಕೂತು ಬುತ್ತಿ ಬಿಚ್ಚುವುದಿಲ್ಲ. ಗೊಂಬೆಯ ಮಟ್ಟಿಗೆ ಮೇಡಂ ಹಾಕಿದ್ದ ಕಾನೂನು ಒಂದೇ: ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು, ನಾನು ಯಾರು ಅನ್ನಬೇಕು, ಏನು ಮಾಡುತ್ತೇನೆ ಅನ್ನಬೇಕು. ಮರೆತರೆ ನಪಾಸು.

ಪರೀಕ್ಷೆಯ ದಿನ ಮೇಡಂ ಗೊಂಬೆಯ ಮುಂಗೈಗೆ ಪಟ್ಟಿ ಅಂಟಿಸಿ ಒಂದೊಂದು ಹುಡುಗಿಗೆ ಒಂದೊಂದು ಹೆಸರು ಬರೆಯುತ್ತಿದ್ದರು. ನನ್ನ ಸರದಿ ಬಂತು. ಪಟ್ಟಿ ನೋಡಿದೆ. ನಮ್ಮ ಮನೆಯವರ ಹೆಸರು.

ನಿಮಗೆ ಇದರಲ್ಲೇನು ಆಪತ್ತು ಅನ್ನಿಸಬಹುದು. ನಮ್ಮ ಕಡೆ ಹೆಂಗಸು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಆಡಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂಬುದು ಅತ್ತೆಯ ಶಾಸ್ತ್ರ. ಅವನು ಬೀಡಿ ಸೇದಿದರೆ ಕಮ್ಮಿಯಾಗುವುದಿಲ್ಲ, ಕುಡಿದು ಹೈವೇ ಮೇಲೆ ಬೈಕು ಓಡಿಸಿದರೆ ಕಮ್ಮಿಯಾಗುವುದಿಲ್ಲ, ಹೆಂಡತಿ ಅವನ ಹೆಸರು ಹೇಳಿದರೆ ಮಾತ್ರ ಮುಗಿಯಿತು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ. ನಂಬಿಕೆ ಇಲ್ಲ, ಆದರೆ ಬಾಯಿ ಬರಲಿಲ್ಲ. ಸುಮ್ಮನೆ ಯಾಕೆ ಬೇಕು?

"ರೀ," ಅಂದೆ ಗೊಂಬೆಗೆ. "ಏಳ್ರಿ. ನಾ ಬಂದೀನಿ."

ಕ್ಲಾಸಿಗೆ ಕ್ಲಾಸೇ ನಕ್ಕಿತು. "ಏಮಮ್ಮಾ, ಹೆಸರು ಓದಾಕ ಬರಂಗಿಲ್ಲೇನು?" ಎಂದರು ಮೇಡಂ, ತಮ್ಮ ತೆಲುಗು ಬೆರೆಸಿದ ಕನ್ನಡದಲ್ಲಿ.

"ಬರ್ತದ್ರಿ ಮೇಡಂ."

"ಮತ್ತ ಕರಿ!"

"ನಮ್ಮ ಅತ್ತೀ ಮಗ್ರೇ," ಅಂದೆ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನಿನ ತುದಿಯಲ್ಲಿ ನನಗೆ ಇಡೀ ಕಬ್ಬಿನ ಹೊಲ ಕಾಣಿಸಿತು. ಆಗ ಹಿಂದಿನಿಂದ ನಾರಾಯಣಖೇಡದ ಸುನೀತಾ ಕೂಗಿದಳು: "ಮೇಡಂ, ಅದು ಅಕಿ ಗಂಡನ ಹೆಸರ್ರೀ! ಒಡಪು ಹಾಕಸ್ರಿ, ಹೇಳ್ತಾಳ."

ಮದುವೆ ಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳುತ್ತಾರಲ್ಲ, ಅದೇ ಒಡಪು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಪ್ರಾಸ ಕೂಡಿಸಿಬಿಟ್ಟರೆ ಯಮನಿಗೆ ಗುರುತು ಹತ್ತುವುದಿಲ್ಲ ಎಂದು ಕಾಣುತ್ತದೆ. ಗೊಂಬೆಯ ಕೈ ಹಿಡಿದು, ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಪ್ಲಾಸ್ಟಿಕ್ ಗೊಂಬಿಗಿ ನಾಡಿ ಇಲ್ಲ, ನೋವಿಲ್ಲ, ತಾಪಿಲ್ಲ,
ಬಸವರಾಜರ ಹೆಸರ ಹೇಳೀನಿ, ಪಾಸ್ ಮಾಡ್ರಿ ಮೇಡಂ, ತಪ್ಪಿಲ್ಲ."

ಮೇಡಂ ನಗು ತಡೆಯಲು ಮುಖ ಆ ಕಡೆ ಮಾಡಿದರು. ಹೆಸರು ಹೇಳಬೇಕು ಅಂತ ಇದೆ, ಹೇಗೆ ಹೇಳಬೇಕು ಅಂತ ಇಲ್ಲ ಎಂದು ಪಾಸು ಮಾಡಿದರು. ಮನೆಗೆ ಬಂದು ಹೇಳಿದರೆ ಅತ್ತೆ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಒಡಪು ಹಾಕಿ ಬಂದಿ ಅಂದಮ್ಯಾಲ ಆ ಗೊಂಬಿಗೂ ಮನಿಗಿ ಕರಕೊಂಡ ಬಾ. ಒಂದು ರೊಟ್ಟಿ ಜಾಸ್ತಿ ಬಡೀತೀನಿ!" ಓಣಿಯಲ್ಲಿ ಆ ಸುದ್ದಿ ಇನ್ನೂ ಹಳತಾಗಿಲ್ಲ.

ಅಂಥ ಬಾಯಿ ಈಗ ಓರೆಯಾಗಿ ಸುಮ್ಮನಿತ್ತು. ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ.

"ಅತ್ತೀ, ನಿಮ್ಮ ಹೆಸರೇನ್ರಿ?"

ತುಟಿ ಅಲುಗಿತು. ಬಹಳ ಹೊತ್ತಾದ ಮೇಲೆ, "ಗಂಗಮ್ಮ."

"ಯಾ ಊರು?" ಊರೂ ಬಂತು, ತೊದಲಿಕೊಂಡು. "ನಾ ಯಾರ್ರಿ?"

ನನ್ನನ್ನು ನೋಡಿದರು, ನೋಡಿಯೇ ನೋಡಿದರು. "ಸೊಸಿ."

ಕುಣಿಯಬೇಕು ಅನ್ನಿಸಿತು. ಅಷ್ಟಕ್ಕೆ ಬಿಡಬೇಕಿತ್ತು, ಆದರೆ ತರಬೇತಿ ಪಡೆದವಳು ನೋಡಿ! "ನಿಮ್ಮ ಯಜಮಾನ್ರ ಹೆಸರೇನ್ರಿ?" ಎಂದೂ ಕೇಳಿದೆ. ಅತ್ತೆ ಬಾಯಿ ಮುಚ್ಚಿದರು. ಮತ್ತೆ ಕೇಳಿದೆ. ಗೋಡೆಯ ಕಡೆ ತಿರುಗಿದರು. ಜೀವಮಾನವಿಡೀ ಜೊತೆಗಿದ್ದವರನ್ನೇ ಮರೆತರೆಂದರೆ ಇನ್ನು ಉಳಿದದ್ದೇನು? ಡಾಕ್ಟರಿಗೆ ಹೇಳಲು ಎದ್ದು ಎರಡು ಹೆಜ್ಜೆ ಇಟ್ಟವಳು ನಿಂತೆ. ಥೂ, ಎಂಥ ಹುಚ್ಚಿ ನಾನು! ಗೊಂಬೆಯ ಮುಂದೆ ಬಾಯಿ ಕಟ್ಟಿ ನಿಂತವಳು ನಾನೇ ಅಲ್ಲವೇ?

"ಅತ್ತೀ," ಅಂದೆ. "ಒಡಪು ಹಾಕ್ರಿ."

ಮಾವ ತೀರಿಕೊಂಡು ವರ್ಷಗಳಾದವು. ಕಮ್ಮಿಯಾಗಲು ಅವರ ಆಯುಷ್ಯವೇ ಉಳಿದಿಲ್ಲ. ಅವರು ಹೋದ ಮೇಲೆ ಅತ್ತೆಯನ್ನು ಯಾರೂ ಒಡಪು ಹಾಕೆಂದು ಕೇಳಿರಲಿಲ್ಲ. ಗೋಡೆಯ ಕಡೆಯಿಂದ ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ದವಾಖಾನೆಯ ಅಂಗಿಗೆ ಸೆರಗೆಲ್ಲಿದೆ? ಆದರೂ ಎಡಗೈಯಿಂದ ಹೊದಿಕೆಯ ಅಂಚನ್ನು ತಲೆಯ ಮೇಲೆ ಎಳೆದುಕೊಂಡರು. ಒಂದೊಂದೇ ಮಾತು ಎತ್ತಿ ಇಟ್ಟರು:

"ಕಬ್ಬಿನ ಹೊಲಕ್ಕ ಬುತ್ತಿ ಒಯ್ದೀನಿ, ಮ್ಯಾಲ ಮುಚ್ಚೀನಿ ಮುತ್ತಲ ಎಲಿ,
ಶರಣಪ್ಪನೋರ ಹೆಸರ ಹೇಳ್ತೀನಿ... ಸೊಸಿ, ನೀನೂ ಕಲಿ."

ಪಕ್ಕದ ಮಂಚದ ಮುದುಕಿ "ಭೇಷ್!" ಎಂದಳು. ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಒರೆಸಿಕೊಳ್ಳಲು ಕೈಗವಸು ಅಡ್ಡ. ಪರದೆ ಎಳೆದೆ, ಬಿಸಿನೀರು ತಂದೆ. ಕಾನೂನು ಕಾನೂನೇ. "ಗಂಗಮ್ಮನೋರೇ," ಅಂದೆ, ಹುಟ್ಟಿದ ಮೇಲೆ ಮೊದಲ ಸಲ. "ನಾ ನಿಮ್ಮ ಸೊಸಿ. ಈಗ ನಿಮಗ ತೊಳೀತೀನ್ರಿ."

ಅತ್ತೆ ಓರೆ ಬಾಯಲ್ಲೇ ಕೇಳಿದರು.

"ಸರ್ಟಿಫಿಕೇಟ್... ತಂದೀ... ಇಲ್ಲ?"

"ತಂದೀನ್ರಿ," ಅಂದೆ.