ಕಾಜದ ಚಿಕ್ಕಮ್ಮನ ಒಂಬತ್ತು ಕ್ಯಾಸೆಟ್ಟುಗಳು

ಮೊದಲೇ ಕ್ಷಮೆ ಕೇಳುತ್ತೇನೆ. ಇದನ್ನು ಮೂರು ಸಲ ತಿದ್ದಿ ಬರೆದರೂ ಕಾಗೆ ಕಾಲು ಗುಬ್ಬಿ ಕಾಲು ಪೂರ್ತಿ ಹೋಗಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಬೇಕಾದ ಕಡೆ ಒಳ್ಳೆಯ ಮಾತು ಸಿಗದೆ ಎಡವಿದ್ದರೆ ಮನ್ನಿಸಬೇಕು. ಅಚ್ಚಿಗೆ ಜೋಡಿಸುವವರಿಗೆ ಅಕ್ಷರ ತಿಳಿಯದಿದ್ದರೆ ನಮ್ಮ ಅಂಗಡಿಗೆ ಬಂದು ಕೇಳಲಿ, ಬಿಡಿಸಿ ಹೇಳುತ್ತೇನೆ.

'ಓರಗಿತ್ತಿಯರು' ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಜೋಡಿಯ ಅಭಿಮಾನಿಗಳು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅವರ ಕೂಟದ ಕಾರ್ಯದರ್ಶಿ ಬಸ್ ಕಂಡಕ್ಟರು. ಹೋದ ತಿಂಗಳು ಅಂಗಡಿಗೆ ಬಂದು, "ಕಾಜದ ಚಿಕ್ಕಮ್ಮನ ಬಗ್ಗೆ ನೀನೇ ಬರೀಬೇಕಮ್ಮ. ಅವರ ಮನೆ ಕ್ಯಾಸೆಟ್ಟು ಒಂದೂ ಬಿಡದೆ ಕೇಳಿರೋಳು ನೀನೊಬ್ಬಳೇ" ಎಂದರು. ನಾನು ತಲೆ ತಗ್ಗಿಸಿದೆ. "ನೋಡಿ, ಎಷ್ಟು ಸಂಕೋಚ!" ಎಂದು ಅವರು ನಕ್ಕರು. ತಲೆ ಯಾಕೆ ತಗ್ಗಿತು ಎಂದು ಆ ದಿನ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ. ಆದರೆ ಮೊದಲು ಆ ಜೋಡಿಯಲ್ಲಿ ಕಿರಿಯರಾದ ಚಿಕ್ಕಮ್ಮನ ವಿಷಯ.

ಕಾಜದ ಚಿಕ್ಕಮ್ಮನಿಗೆ ಈಗ ಎಪ್ಪತ್ತೊಂದು ವರ್ಷ. ನಮ್ಮ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಟೈಲರ್ ಅಂಗಡಿ ಇದೆ. ಅಲ್ಲಿ ಕಿಟಕಿಯ ಪಕ್ಕ ಕುಳಿತು ಅಂಗಿಗಳಿಗೆ ಕಾಜ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ. ಬೆಳಕು ಎಡಗಡೆಯಿಂದಲೇ ಬೀಳಬೇಕು, ದಾರವನ್ನು ಮೇಣಕ್ಕೆ ಉಜ್ಜಿಯೇ ಸೂಜಿಗೆ ಪೋಣಿಸಬೇಕು. ಕಾಜ ಹಾಕುವ ಮಷೀನು ಬಂದು ಎಷ್ಟೋ ಕಾಲವಾಯಿತು. ಆದರೂ ಟೈಲರು ಗಿರಾಕಿಗಳಿಗೆ ಹೇಳುವುದು ಒಂದೇ ಮಾತು: "ಅಂಗಿ ಹರಿದ್ರೂ ನಮ್ಮ ಚಿಕ್ಕಮ್ಮನ ಕಾಜ ಬಿರಿಯಲ್ಲ ಸ್ವಾಮಿ. ಕಾಜ ಬಿಚ್ಕೊಂಡು ಇನ್ನೊಂದು ಅಂಗಿಗೆ ಹಾಕ್ಕೋಬಹುದು." ಚಿಕ್ಕಮ್ಮ ಅದಕ್ಕೆ ನಗುವುದೂ ಇಲ್ಲ, ಬೇಡ ಎನ್ನುವುದೂ ಇಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಸೊಸೆಯಾಗಿ ಬಂದ ಮನೆಯಲ್ಲಿ ಲಾಂಡ್ರಿ ನಡೆಯುತ್ತಿತ್ತು. ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲ್ಲು. ಅಣ್ಣ ತಮ್ಮ ಇಬ್ಬರೂ ಇಸ್ತ್ರಿ ಮಾಡುತ್ತಿದ್ದರು, ಒಗೆಯುವುದು ಹೆಂಗಸರ ಪಾಲಿಗೆ. ಹಿರಿಯ ಸೊಸೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬಂದ ಎರಡನೇ ವಾರ ಹೊಸ ಸೊಸೆ ನೀಲಿ ಕದಡುವಾಗ ಚಮಚದ ಲೆಕ್ಕ ತಪ್ಪಿದರು. ಇಪ್ಪತ್ತು ಬಿಳಿ ಬೆಡ್‌ಶೀಟು ಆಕಾಶದ ಬಣ್ಣಕ್ಕೆ ತಿರುಗಿದವು. ಲಾಡ್ಜಿನವರು ಬೈದದ್ದು ದೊಡ್ಡಕ್ಕನನ್ನು. ಅಂದಿನಿಂದ ಓರಗಿತ್ತಿಯರ ನಡುವೆ ಮಾತು ನಿಂತಿತು. ನಾಲ್ಕು ತಿಂಗಳು ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೆನ್ನು ತಿರುಗಿಸಿಕೊಂಡು ಕೆಲಸ ಮಾಡಿದರು.

ಅತ್ತೆ ಬೈಯಲಿಲ್ಲ. "ಮಾತು ಬೇಡ್ವಾ? ಬೇಡ ಬಿಡಿ. ಶೀಟು ಹಿಂಡಿ" ಎಂದರು.

ಒದ್ದೆ ಬೆಡ್‌ಶೀಟನ್ನು ಒಬ್ಬರು ಹಿಂಡಲು ಆಗುವುದಿಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು ಎದುರುಬದುರು ನಿಂತು, ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ತಿರುಚಬೇಕು. ಯಾವಾಗ ತಿರುಚಬೇಕು ಎಂದು ಒಬ್ಬರಿಗೊಬ್ಬರು ಹೇಳಬೇಕು. ಇವರಿಗೆ ಮಾತಿಲ್ಲ. ಅತ್ತೆ ಕಲ್ಲಿನ ಮೇಲೆ ಕುಳಿತು ತಮ್ಮ ಕಾಲದ ಹಿಂಡುವ ಹಾಡು ಹೇಳಿದರು. ಸಾಲಿನ ಕೊನೆಗೆ ಒಂದು ತಿರುಚು. ದೊಡ್ಡಕ್ಕ ಹಾಡು ಎತ್ತಿಕೊಂಡರು, ಇವರು ಹಿಂದಿನಿಂದ ಸೇರಿದರು. ಹೀಗೆ ಅವರು ಒಬ್ಬರೊಡನೊಬ್ಬರು ಮಾತಾಡುವ ಮೊದಲೇ ಹಾಡಿದರು.

ಮಲಗಿದೋರ್ಯಾರೋ, ಎದ್ದೋರ್ಯಾರೋ,
ಹಿಂಡೋರು ನಾವಿಬ್ಬರೇ.

ಲಾಂಡ್ರಿಯ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇದ್ದ ಸಂಗೀತದ ಮೇಷ್ಟ್ರು ದಿನಾ ಇದನ್ನು ಕೇಳಿಸಿಕೊಂಡರು. ಜನರ ಬಾಯಿಂದ ಜಾರಿಹೋಗಿದ್ದ ಇಂಥ ಹಾಡುಗಳನ್ನು ಮತ್ತೆ ವೇದಿಕೆಗೆ ತರಬೇಕೆಂದು ಅವರಿಗೆ ಆಸೆ. ಅತ್ತೆಯಿಂದ ಮೂವತ್ತಾರು ಹಾಡು ಬರೆದುಕೊಂಡು, ಸೊಸೆಯಂದಿರಿಗೆ ಹಾಡಿಸಿದರು. ಬೋರಲು ಹಾಕಿದ ಬಕೆಟ್ಟೇ ತಾಳ. ಕ್ಯಾಸೆಟ್ಟುಗಳ ಕಾಲ ಬಂದಾಗ ಒಂದು ಕಂಪನಿ ಅವರ ಕ್ಯಾಸೆಟ್ಟು ಹೊರಡಿಸಿತು. ಅದು ಇಂದಿಗೂ ನಿಂತಿಲ್ಲ. ಕಂಡಕ್ಟರು ಮೊದಲ ಟ್ರಿಪ್ಪಿಗೆ ಅದನ್ನೇ ಹಾಕುತ್ತಾರೆ. ನನ್ನ ವಯಸ್ಸಿನವರ ಫೋನಿನಲ್ಲೂ ಇದೆ. ನಮ್ಮಮ್ಮ ಸಿಟ್ಟು ಬಂದಾಗ ಅದನ್ನು ಹಾಡುತ್ತಾ ಪಾತ್ರೆ ತೊಳೆಯುತ್ತಾಳೆ, ತೊಳೆದು ಮುಗಿಯುವ ಹೊತ್ತಿಗೆ ಸಿಟ್ಟೂ ಇಳಿದಿರುತ್ತದೆ.

ಇಷ್ಟು ಕಾಲ ಜನ ಯಾಕೆ ಕೇಳುತ್ತಾರೆ ಎಂದು ನಾನೂ ಯೋಚಿಸಿದ್ದೇನೆ. ಇಬ್ಬರದೂ ಭಾರಿ ಕಂಠವಲ್ಲ. ದೊಡ್ಡಕ್ಕನ ದನಿ ತುಸು ಒರಟು, ಚಿಕ್ಕಮ್ಮನದು ತೆಳು. ಚಿಕ್ಕಮ್ಮ ಪ್ರತಿ ಸಾಲಿಗೂ ಅರ್ಧ ಉಸಿರು ತಡವಾಗಿ ಸೇರುತ್ತಾರೆ. ಆ ಅರ್ಧ ಉಸಿರಿನಲ್ಲಿ ಕೇಳುವವರಿಗೆ, ಇನ್ನೇನು ಜಗಳವಾಗುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ, ದನಿ ಬಂದು ಸೇರುತ್ತದೆ. ಎಷ್ಟು ಸಲ ಕೇಳಿದರೂ ಆ ಸಮಾಧಾನ ಹೊಸದಾಗಿಯೇ ಸಿಗುತ್ತದೆ.

ದೊಡ್ಡಕ್ಕ ಮೂರು ವರ್ಷದ ಹಿಂದೆ ತೀರಿಕೊಂಡರು. ಲಾಂಡ್ರಿ ಅದಕ್ಕೂ ಮೊದಲೇ ಮುಚ್ಚಿತ್ತು.

ನಾನು ಕೆಲಸ ಮಾಡುವ ಅಂಗಡಿಯಲ್ಲಿ ಹಳೆಯ ಫೋಟೋ, ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಕೊಡುತ್ತೇವೆ. ಒಂದು ಬೆಳಿಗ್ಗೆ ಕಾಜದ ಚಿಕ್ಕಮ್ಮ ದಿಂಬಿನ ಚೀಲದಲ್ಲಿ ಒಂಬತ್ತು ಕ್ಯಾಸೆಟ್ಟು ತಂದರು. ಕಂಪನಿಯವಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಚಿಕ್ಕಮ್ಮನ ಯಜಮಾನರು ತುಂಬಿಸಿಕೊಂಡವು. "ಚೆನ್ನಾಗಿ ಮಾಡ್ಕೊಡಮ್ಮ" ಎಂದರು, ಹೊರಟರು.

ನಮ್ಮಲ್ಲಿ ಒಂದು ಫಾರಂ ಇದೆ. ಗಿರಾಕಿಯನ್ನು ಕೇಳಿ ತುಂಬಬೇಕು. ಅದರ ನಾಲ್ಕನೇ ಪ್ರಶ್ನೆ: ಹಾಡು ಬಿಟ್ಟು ಉಳಿದ ಸದ್ದು, ಮಾತು ಇರಬೇಕೆ, ತೆಗೆಯಬೇಕೆ? ನನಗೆ ಹೊಸಬರನ್ನು ಕೇಳುವುದೆಂದರೆ ಬಾಯಿ ಒಣಗುತ್ತದೆ. ಅವರೋ ಹೆಸರಾಂತ ಹಾಡುಗಾರ್ತಿ. ಹಿಂದೆ ಓಡಿಹೋಗಿ ಕೇಳಲು ನಾಲ್ಕೇ ಬಾಗಿಲು ದೂರ. ಹೋಗಲಿಲ್ಲ. 'ತೆಗೆಯಬೇಕು' ಎಂಬಲ್ಲಿ ನಾನೇ ಗುರುತು ಹಾಕಿದೆ.

ಆ ಟೇಪುಗಳು ಬಹಳ ಹಳೆಯವು. ಓಡುತ್ತಿದ್ದ ಹಾಗೆ ಅವುಗಳ ಕಂದು ಲೇಪ ಪುಡಿಯಾಗಿ ಉದುರುತ್ತಿತ್ತು. ಒಂದು ಸಲ ಓಡಿದರೆ ಓಡಿತು, ಎರಡನೇ ಸಲಕ್ಕೆ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿ ಜಾಗವೂ ಕಡಿಮೆ. ಒಂದು ಕ್ಯಾಸೆಟ್ಟು ಸ್ವಚ್ಛ ಮಾಡಿದ ಮೇಲೆ ಅದರ ಮೂಲವನ್ನು ಅಳಿಸಿ ಮುಂದಿನದನ್ನು ಇಳಿಸುತ್ತೇನೆ. ಹಾಗೆಯೇ ಮಾಡಿದೆ. ಐದು ವಾರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಪರದೆಯ ಮೇಲೆ ಹಾಡು ದೊಡ್ಡ ಗುಡ್ಡಗಳ ಹಾಗೆ ಕಾಣುತ್ತದೆ, ಮಾತು ಇರುವೆ ಸಾಲಿನ ಹಾಗೆ. ನಾನು ಇರುವೆ ಸಾಲುಗಳನ್ನು ಒಂದೊಂದಾಗಿ ಕತ್ತರಿಸಿದೆ. ಒಂದು ಅಕ್ಷರದ ತುಣುಕೂ ಉಳಿಯಬಾರದೆಂದು ಒಂದೊಂದನ್ನೂ ನಾಲ್ಕೈದು ಸಲ ಕೇಳಿ ಅಂಚು ನೋಡಿ ತೆಗೆದೆ.

"ಏನೇ, ಗಂಟಲಲ್ಲಿ ಕಪ್ಪೆ ಸಾಕಿದೀಯಾ?" ದೊಡ್ಡಕ್ಕನ ದನಿ.

"ನಿಮ್ಮ ಹಾಡು ಕೇಳಿ ಅದೇ ಬಂದು ಕೂತ್ಕೊಳ್ತು ಅಕ್ಕಾ."

"ಆಹಾ! ಮದುವೆ ಆಗಿ ಬಂದಾಗ ಬಾಯೇ ಇರ್ಲಿಲ್ಲ ಇವಳಿಗೆ. ಬರೀ ನೀಲಿ ಚಮಚ ಇತ್ತು."

"ಅತ್ತಿಗೆ, ಟೇಪು ಓಡ್ತಿದೆ!" ಎಂದು ಚಿಕ್ಕಮ್ಮನ ಯಜಮಾನರು.

"ಓಡ್ಲಿ ಬಿಡಪ್ಪ. ಆ ಪುಟ್ಟ ಡಬ್ಬಿ ಬಿಟ್ಟು ಎಲ್ಲಿಗೆ ಓಡುತ್ತೆ?"

ಇದನ್ನು ಕೇಳಿ ನಾನು ಒಬ್ಬಳೇ ನಕ್ಕೆ. ನಕ್ಕು, ಕತ್ತರಿಸಿದೆ. ಮೇಲೆ ನಾನು ಬರೆದ ಚಿಕ್ಕಮ್ಮನ ಕಥೆ, ನೀಲಿ ಕದಡಿದ್ದು, ಮಾತು ಬಿಟ್ಟದ್ದು, ಅತ್ತೆ ಶೀಟು ಹಿಂಡಿಸಿದ್ದು, ಇದ್ಯಾವುದನ್ನೂ ಚಿಕ್ಕಮ್ಮ ನನಗೆ ಹೇಳಿದ್ದಲ್ಲ. ನಾನು ಕತ್ತರಿಸಿ ಎಸೆದ ಮಾತುಗಳಲ್ಲಿ ಕೇಳಿದ್ದು.

ಕೆಲಸ ಮುಗಿದ ದಿನ ಹೆಮ್ಮೆಯಿಂದಲೇ ಅವರನ್ನು ಕರೆದೆ. ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಮೊದಲ ಹಾಡು ಮುಗಿದಾಗ ಅವರು ಕೈ ಎತ್ತಿ ನನಗೆ ಸುಮ್ಮನಿರಲು ಹೇಳಿದರು. ನಾನು ಮಾತಾಡಿರಲೇ ಇಲ್ಲ. ಅವರ ಮುಖದಲ್ಲಿ ನಗು ತಯಾರಾಗಿತ್ತು. ಎರಡನೇ ಹಾಡು ಶುರುವಾಯಿತು. ನಗು ಹಾಗೇ ಇತ್ತು, ಆದರೆ ಯಾರೋ ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಮೂರನೇ ಹಾಡಿನ ಕೊನೆಗೆ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದರು.

"ಮಧ್ಯೆ ಮಧ್ಯೆ ಅಕ್ಕ ಮಾತಾಡ್ತಾರಲ್ಲ. ಅದೆಲ್ಲಿ?"

ನನಗೆ ಆಗ ತಿಳಿಯಿತು. ಹಾಡು ಕೇಳಲು ಅವರಿಗೆ ನಮ್ಮ ಅಂಗಡಿ ಬೇಕಾಗಿರಲಿಲ್ಲ, ಅದು ಬೀದಿಯಲ್ಲೆಲ್ಲ ಕೇಳುತ್ತದೆ. ದೊಡ್ಡಕ್ಕ ಆಡಿದ ಮಾತು ಆ ಒಂಬತ್ತು ಕ್ಯಾಸೆಟ್ಟು ಬಿಟ್ಟು ಬೇರೆಲ್ಲೂ ಇರಲಿಲ್ಲ.

"ಟೇಪು ಹಾಳಾಗಿತ್ತು ಚಿಕ್ಕಮ್ಮ" ಎಂದೆ. "ಮಧ್ಯೆ ಏನೂ ಬರ್ಲಿಲ್ಲ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಫಾರಂ ಹಿಡಿದು ಒಂದು ಪ್ರಶ್ನೆ ಕೇಳಲು ಬರದ ಬಾಯಿಗೆ ಇದು ಬಂತು.

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ನಂದೇ ತಪ್ಪು" ಎಂದರು. "ಒದ್ದೆ ಗೋಡೆ ಪಕ್ಕದ ಕಪಾಟಲ್ಲಿ ಇಟ್ಟಿದ್ದೆ. ಮೇಲೆ ಇಡೇ ಅಂತ ಅಕ್ಕ ಎಷ್ಟು ಸಲ ಬಡ್ಕೊಂಡಿದ್ರು." ಆಮೇಲೆ ನನ್ನ ತಲೆ ಸವರಿ, "ನೀನೇನ್ಮಾಡ್ತೀಯಾ ಪಾಪ, ಇಷ್ಟಾದ್ರೂ ಉಳಿಸಿಕೊಟ್ಟೆ" ಎಂದರು.

ಅವರು ಹೋದ ಕೂಡಲೇ ಒಂಬತ್ತು ಟೇಪನ್ನೂ ಮತ್ತೆ ಓಡಿಸಿದೆ. ಬರೀ ಹುಸ್ ಎಂಬ ಸದ್ದು. ಅಳಿಸಿದ ಮೂಲವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಅದರ ಜಾಗದಲ್ಲಿ ಬೇರೆಯವರ ಮದುವೆ ಫೋಟೋಗಳು ಕೂತಿದ್ದವು.

ಈಗ ಟೈಲರ್ ಅಂಗಡಿಗೆ ಹೋದವರಿಗೆಲ್ಲ ಚಿಕ್ಕಮ್ಮ ಹೇಳುತ್ತಾರಂತೆ, "ಅಕ್ಕನ ಮಾತನ್ನ ನಾನೇ ಕೈಯಾರೆ ಹಾಳು ಮಾಡ್ದೆ" ಎಂದು. ದಿನಕ್ಕೆ ಹತ್ತು ಮಾತಾಡುವವರು ಅದರಲ್ಲಿ ಈ ಮಾತನ್ನು ಸೇರಿಸಿಕೊಂಡಿದ್ದಾರೆ. ಕಂಡಕ್ಟರು ಅದನ್ನು ಸಂಚಿಕೆಯಲ್ಲಿ ಹಾಕಬೇಕೆಂದು ಹೇಳಿದ್ದಾರೆ: "ಗೋಡೆ ತೇವಕ್ಕೆ ಹೋಯ್ತು ಅಂತ ಬರಿ. ಓದಿದವ್ರು ತಮ್ಮ ಮನೆ ಕ್ಯಾಸೆಟ್ಟಾದ್ರೂ ಜೋಪಾನ ಮಾಡ್ಕೊಳ್ಳಲಿ." ನಾನು ಹಾಗೆ ಬರೆದರೆ ಅವರ ತಪ್ಪಲ್ಲದ ತಪ್ಪು ಅವರ ಹೆಸರಿನ ಪಕ್ಕ ಅಚ್ಚಾಗಿ ಉಳಿಯುತ್ತದೆ.

ಹೋದ ವಾರ ಅಂಗಡಿಯ ಯಜಮಾನರಿಗೆ ಎಲ್ಲ ಹೇಳಿದೆ. ಮೊದಲು ಕೂಗಾಡಿದರು. "ಫಾರಂ ಯಾಕೆ ಅಚ್ಚು ಹಾಕ್ಸಿದೀನಿ? ಕಿವಿ ಕೆರ್ಕೊಳ್ಳೋಕಾ?" ಆಮೇಲೆ ದನಿ ತಗ್ಗಿಸಿ ಅತ್ತಿತ್ತ ನೋಡಿದರು. "ಹೋಗ್ಲಿ, ಟೇಪೇ ಸರಿ ಇರ್ಲಿಲ್ಲ ಅಂತ ಇದ್ದುಬಿಡ್ಲಿ. ಅವರೂ ಒಪ್ಕೊಂಡಿದಾರಲ್ಲ. ಇನ್ಯಾಕೆ ಹುಣ್ಣು ಕೆರೆಯೋದು?"

ಆ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ನಾಚಿಕೆ. ಅದುವರೆಗೆ ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ. ಟೈಲರ್ ಅಂಗಡಿ ತಪ್ಪಿಸಲು ಬೀದಿ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ಕತ್ತರಿಸುವಾಗ ಒಂದೊಂದು ಮಾತನ್ನೂ ನಾಲ್ಕೈದು ಸಲ ಕೇಳಿದ್ದರಿಂದ ನನಗೆ ಬಹಳಷ್ಟು ನೆನಪಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ಇಲ್ಲಿಯವರೆಗೆ ಅರವತ್ತೆರಡು ತುಣುಕು. ಯಾವ ಹಾಡಾದ ಮೇಲೆ, ಯಾರು, ಯಾರಿಗೆ ಎಂದು ಬರೆದಿದ್ದೇನೆ. ಅನುಮಾನ ಇದ್ದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ, ಊಹಿಸಿ ತುಂಬಿಲ್ಲ. ಇದು ದೊಡ್ಡಕ್ಕನ ದನಿಯಲ್ಲ. ಬರೀ ಮಾತು, ಅದೂ ನನ್ನ ಕೆಟ್ಟ ಅಕ್ಷರದಲ್ಲಿ. ಇದನ್ನು ಕೊಟ್ಟರೆ ಕಳೆದದ್ದು ತುಂಬುತ್ತದೆ ಎಂದು ನಾನು ಅಂದುಕೊಂಡಿಲ್ಲ.

ನಾಳೆ ಭಾನುವಾರ, ಟೈಲರ್ ಅಂಗಡಿಗೆ ರಜೆ. ಹತ್ತು ಗಂಟೆಗೆ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ. ನಿಮ್ಮ ಟೇಪಿನಲ್ಲಿ ಮಾತು ಇತ್ತು, ನಿಮ್ಮನ್ನು ಕೇಳದೆ ತೆಗೆದವಳು ನಾನು, ಹಾಳಾಗಿತ್ತು ಎಂದದ್ದು ಸುಳ್ಳು ಎಂದು ಹೇಳುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ನೋಟ್‌ಬುಕ್ಕು ಬೇಕೆಂದರೆ ಕೊಡುತ್ತೇನೆ, ಬೇಡವೆಂದರೆ ವಾಪಸ್ ತರುತ್ತೇನೆ. ಸೋಮವಾರ ಬೆಳಿಗ್ಗೆ ಮೊದಲ ಟ್ರಿಪ್ಪು ಹೊರಡುವ ಮೊದಲು ಈ ಬರಹವನ್ನು ಕಂಡಕ್ಟರ್ ಕೈಗೆ ಕೊಡುತ್ತೇನೆ.