ಮೂರನೇ ಟ್ರ್ಯಾಕಿನ ಎರಡು ಸೀಟಿ

ಜಪಾನಿನಿಂದ ಬಂದ ಪತ್ರವೊಂದನ್ನು ಹಿಡಿದು ಮನೆ ಮಾಲೀಕ ಪೀಟರ್ ನಮ್ಮ ಬಾಗಿಲು ತಟ್ಟಿದರು. ಬರ್ಲಿಂಗ್ಟನ್ನಿನ ಆ ಮನೆಯ ಬೇಸ್‌ಮೆಂಟಿನಲ್ಲಿ ಅವರಿದ್ದರು, ಮೇಲೆ ನಾವು. ಪಿಯಾನೊ ನುಡಿಸುವ ಅವರು ಇನ್ನಿಬ್ಬರ ಜೊತೆ ಕೆಳಗೇ ಒಂದು ಜಾಝ್ ಆಲ್ಬಂ ರೆಕಾರ್ಡ್ ಮಾಡಿದ್ದರು. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಜಪಾನಿನಲ್ಲಿ ಮಾತ್ರ ಜನ ಹುಡುಕಿ ತರಿಸಿಕೊಳ್ಳುತ್ತಿದ್ದರು.

ಮೂರನೇ ಟ್ರ್ಯಾಕಿನಲ್ಲಿ ಎರಡು ಸಲ ಕೇಳುವ ಆ ವಾದ್ಯ ಯಾವುದು ಎಂದು ಅಲ್ಲಿನ ಕೇಳುಗರೊಬ್ಬರು ವಿಚಾರಿಸಿದ್ದರು.

ಎರಡು ತಾಸು ಸದ್ದು ಬೇಡ ಎಂದು ಪೀಟರ್ ಹೇಳಿದ್ದನ್ನು ಮರೆತು ರೆಕಾರ್ಡಿಂಗಿನ ದಿನ ನಾನು ಬೇಳೆಗೆ ಕುಕ್ಕರ್ ಇಟ್ಟಿದ್ದೆ. 'ಸಾರಿ' ಎಂದೆ. ತಾವು ಚೆನ್ನಾಗಿ ನುಡಿಸಿದ್ದು ಅದೊಂದೇ ಸಲ, ಅದಕ್ಕೇ ಸೀಟಿ ಸಮೇತ ಇಟ್ಟುಕೊಂಡೆವು ಎಂದರು ಅವರು. ಉತ್ತರದ ಜೊತೆ ಕಳಿಸಲು ಕುಕ್ಕರಿನ ಫೋಟೊ ತೆಗೆದುಕೊಂಡು ಹೋದರು.

ಸಂಜೆ ನಮ್ಮನೆಯವರು ಆ ಟ್ರ್ಯಾಕನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅವರು ಧಾರವಾಡದವರು. 'ಎರಡ ಸೀಟಿ ಆದ್ವಲ್ಲ, ಮೂರನೇದ ಎಲ್ಲೆ ಹೋತು?' ಎಂದರು.

ಮೂರನೆಯದು ಕೂಗುವ ಮೊದಲೇ ನೆನಪಾಗಿ ನಾನು ಒಲೆ ಆರಿಸಿದ್ದೆ. ಆ ದಿನ ಬೇಳೆ ಬೆಂದಿರಲೇ ಇಲ್ಲ. ಅದನ್ನು ಜಪಾನಿಗೆ ಬರೆಯಬೇಡಿ ಎಂದು ಪೀಟರ್‌ಗೆ ಹೇಳಿದ್ದೇನೆ.